ಮಗ್ಗದ ಕುಣಿಯಲ್ಲಿ ಬಸವನಹುಳು

ಇದು ಆಗುವುದಿಲ್ಲ ಎಂದವನು ನನ್ನ ಕಾಕಾ, ಅಂದರೆ ಅಪ್ಪನ ತಮ್ಮ. ಅಪ್ಪ ತೀರಿಕೊಂಡ ಮೇಲೆ ಇಳಕಲ್ಲಿನ ನಮ್ಮ ಮನೆಗೆ ಅವನೇ ಹಿರಿಯ. ಕೆಂಪು ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಮೇಸ್ತ್ರಿ. ಮಾತೂ ಹಾಗೇ, ಒಮ್ಮೆ ಕೊಯ್ದರೆ ಕೊಯ್ದದ್ದೇ. ನಾನು ಹತ್ತನೆಯ ತರಗತಿಯ ಪರೀಕ್ಷೆಗೆ ಕುಳಿತಾಗ "ಇದು ಆಗೂ ಮಾತಲ್ಲ" ಎಂದ. ಆಯಿತು. ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡಾಗ "ಇದಂತೂ ಆಗೂ ಮಾತಲ್ಲ" ಎಂದ. ಅದೂ ಆಯಿತು. ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರ ನನ್ನನ್ನು ಎರಡು ಸಲ ಕೆಡವಿದಾಗ ಮಾತ್ರ ಚಹಾದ ಬಟ್ಟಲು ಹಿಡಿದು ನಕ್ಕ. ಮೂರನೆಯ ಸಲ ಪಾಸಾದೆ. ನಮ್ಮ ಮನೆತನದಲ್ಲಿ, ತಂದೆಯ ಕಡೆಗೂ ತಾಯಿಯ ಕಡೆಗೂ ಸೇರಿಸಿ, ಪದವಿ ಪಡೆದ ಮೊದಲನೆಯವಳು ನಾನು. ವಿಷಯ ಪ್ರಾಣಿಶಾಸ್ತ್ರ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಪುಕ್ಕಟೆ ಬಂದದ್ದಲ್ಲ ಅದು.

ಅದು ಬಂದದ್ದು ಒಂದು ಕುಣಿಯಿಂದ. ನಮ್ಮ ಕಡೆ ಸೀರೆ ನೇಯುವ ಮನೆಗಳಲ್ಲಿ ಮಗ್ಗದ ಕೆಳಗೆ ನೆಲ ಅಗೆದು ಕುಣಿ ಮಾಡಿರುತ್ತಾರೆ. ನೇಯುವವರು ಅಂಚಿಗೆ ಕುಳಿತು, ಕಾಲು ಒಳಗೆ ಇಳಿಬಿಟ್ಟು ತುಳಿಹಲಗೆ ತುಳಿಯುತ್ತಾರೆ. ಎಂಥ ಬೇಸಿಗೆಯಲ್ಲೂ ಕುಣಿ ತಂಪಾಗಿ, ಸ್ವಲ್ಪ ಹಸಿಯಾಗಿ ಇರುತ್ತದೆ. ಹಸಿ ಇದ್ದರೆ ನೂಲು ಕಡಿಯುವುದಿಲ್ಲ. ನನ್ನ ಅವ್ವ ಇಪ್ಪತ್ತೆರಡು ವರ್ಷ ಅಲ್ಲಿ ಕಾಲು ಇಳಿಬಿಟ್ಟು ಕುಳಿತಳು, ನಾನು ಕಾಲೇಜಿಗೆ ಹೋದೆ. ಕೊನೆಗೆ ಅವಳ ಮೊಣಕಾಲು ಹೋದವು. ಮಗ್ಗ ಬಿಚ್ಚಿ ಮಾರಿದೆವು. ಕುಣಿ ಉಳಿಯಿತು. ಕುಣಿಯನ್ನು ಬಿಚ್ಚಿ ಮಾರಲು ಬರುವುದಿಲ್ಲ.

ಕಾಕಾನಿಗೆ ಮಗ್ಗವಿದ್ದ ಆ ಖೋಲಿಯ ಮೇಲೆ ಕಣ್ಣಿತ್ತು. ಕುಣಿ ತುಂಬಿಸಿ, ಮೇಲೆ ಕನ್ನಡಿಯಂಥ ಕೆಂಪು ಕಲ್ಲು ಹಾಸಿ, ತನ್ನ ಸ್ಕೂಟರ್ ಅಲ್ಲಿ ನಿಲ್ಲಿಸಬೇಕು. ಸ್ಕೂಟರ್ ಓಣಿಯಲ್ಲಿ ನಿಲ್ಲುತ್ತಿತ್ತು, ಅದರ ಸೀಟಿನ ಮೇಲೆ ಓಣಿಯ ನಾಯಿ ಮಲಗುತ್ತಿತ್ತು. ಮುಂಜಾನೆ ಕೆಲಸಕ್ಕೆ ಹೊರಡುವಾಗ ಕಾಕಾ ನಾಯಿಯನ್ನು ಎಬ್ಬಿಸಿ ಇಳಿಸಿ ಹೋಗಬೇಕಾಗುತ್ತಿತ್ತು. ನಾಯಿ ಏಳಲು ತಕರಾರು ಮಾಡುತ್ತಿತ್ತು.

"ತುಂಬ್ಲಿ ಬಿಡು. ಖಾಲಿ ಕುಣ್ಯಾಗ ಏನೈತಿ," ಎಂದು ಅವ್ವ ಬಾಯಲ್ಲಿ ಹೇಳಿದಳು. ಆದರೆ ದಿನವೂ ಅದರ ಅಂಚು ಗುಡಿಸುತ್ತಿದ್ದಳು. ಮೆಂತ್ಯೆ ಪಲ್ಯ ಸೋಸುವುದಿದ್ದರೆ ಮೊಣಕಾಲು ಹಿಡಿದುಕೊಂಡು ಹೋಗಿ ಅಲ್ಲಿಯೇ ಕಾಲು ಇಳಿಬಿಟ್ಟು ಕೂರುತ್ತಿದ್ದಳು. ಅಡುಗೆಮನೆಯಲ್ಲಿ ಮಣೆ ಇತ್ತು, ಅದರ ಮೇಲೆ ಅವಳು ಕುಳಿತದ್ದನ್ನು ನಾನು ನೋಡಿಲ್ಲ.

ಆ ಕುಣಿಯನ್ನು ಉಳಿಸಿಕೊಳ್ಳಬೇಕಾದರೆ ಅದರಲ್ಲಿ ಏನಾದರೂ ಧಂಧೆ ನಡೆಯಬೇಕು ಎಂದು ನನಗೆ ತಿಳಿಯಿತು. ತಂಪು, ಹಸಿ, ಕತ್ತಲೆ. ಪ್ರಾಣಿಶಾಸ್ತ್ರದ ಪದವೀಧರೆ ಇನ್ನೇನು ಯೋಚಿಸಿಯಾಳು. ಬಸವನಹುಳದ ಲೋಳೆಯಿಂದ ಮುಖಕ್ಕೆ ಹಚ್ಚುವ ಕ್ರೀಮು, ಸಾಬೂನು ಮಾಡುತ್ತಾರೆ ಎಂದು ಫೋನಿನಲ್ಲಿ ನೋಡಿದೆ. ಹುಬ್ಬಳ್ಳಿಯಲ್ಲಿ ಮನೆಯಲ್ಲೇ ಸಾಬೂನು ಮಾಡುವ ಒಬ್ಬ ಹೆಣ್ಣುಮಗಳು, ಲೋಳೆ ಸ್ವಚ್ಛವಾಗಿದ್ದರೆ ತಾನು ಕೊಳ್ಳುತ್ತೇನೆ ಎಂದಳು. ಒಂದು ಮುಂಜಾನೆ ಉಪ್ಪಿಟ್ಟು ತಿನ್ನುವಾಗ ಮನೆಯಲ್ಲಿ ಹೇಳಿದೆ.

"ಏನ ಸಾಕ್ತಿ?" ಕಾಕಾ ಕೇಳಿದ.

"ಬಸವನಹುಳ."

"ಯಾತಕ್ಕ?"

"ಲೋಳಿ ತಗಿಯಾಕ."

"ಲೋಳಿ ಯಾತಕ್ಕ?"

"ಮಾರಿಗೆ ಹಚ್ಚಿಕೊಳ್ಳಾಕ."

ಕಾಕಾ ತಾಟು ಕೆಳಗಿಟ್ಟ. "ವೈನಿ, ಇಕಿನ್ನ ಒಂದ ಸಲ ದವಾಖಾನಿಗೆ ತೋರಿಸ್ರಿ," ಎಂದು ಅವ್ವನಿಗೆ ಹೇಳಿದ. "ಓದಿದ್ದು ತಲಿಗೆ ಏರೇತಿ."

ಮೂಲೆಯಲ್ಲಿ ಕುಳಿತಿದ್ದ ಆಯಿಗೆ, ಕಾಕಾನ ಹಡೆದವ್ವನಿಗೆ, ಬೇರೆಯೇ ಚಿಂತೆ. ಲಿಂಗಪೂಜೆ ಮುಗಿಯುವ ತನಕ ನೀರೂ ಕುಡಿಯದ ಜೀವ ಅದು. "ಕೊಯ್ಯೂದು ಐತೇನು?"

"ಇಲ್ಲ ಆಯಿ. ಲೋಳಿ ತಗದು, ಮತ್ತ ಮೇಯಾಕ ಬಿಡೂದು."

"ಏನ ತಿಂತಾವ?"

"ಸೊಪ್ಪು, ಸೌತಿಕಾಯಿ."

"ಹಂಗಾದ್ರ ಆಕಳಾ ಇದ್ದಂಗ. ಇರ್ಲಿ," ಎಂದಳು ಆಯಿ.

ತಾಯಿ 'ಇರಲಿ' ಎಂದ ಮೇಲೆ ಕಾಕಾ 'ಬೇಡ' ಎನ್ನುವಂತಿರಲಿಲ್ಲ. ಕರಾರು ಹಾಕಿದ. "ಇದು ಆಗೂ ಮಾತಲ್ಲ. ಆದ್ರೂ ಬಾಗಲಕೋಟಿ ತರಬೇತಿ ಕೇಂದ್ರದಾವರು ಬಂದು ನೋಡಿ, ಹೌದು ಇದು ಧಂಧೆ ಅಂತ ಸರ್ಟಿಫಿಕೇಟ ಕೊಟ್ರ ಕುಣಿ ನಿಂದು. ಇಲ್ಲಂದ್ರ ಬಸವ ಜಯಂತಿಯೊಳಗ ತುಂಬತೇನಿ. ಆಮ್ಯಾಲ ಅಳಬಾರ್ದು."

"ನಾ ಯಾವಾಗ ಅತ್ತೇನಿ?"

"ರಸಾಯನಶಾಸ್ತ್ರಕ್ಕ ಅತ್ತಿದ್ದಿ."

ಅದು ನಿಜ.

ಬಾಗಲಕೋಟೆಯ ನವನಗರದ ಆ ಕೇಂದ್ರದಲ್ಲಿ ಸ್ವಂತ ಉದ್ಯೋಗಕ್ಕೆ ತರಬೇತಿ ಕೊಡುತ್ತಿದ್ದರು. ಅರ್ಜಿಯಲ್ಲಿ 'ಉದ್ಯೋಗದ ಬಗೆ' ಎಂದು ಒಂದು ಕಾಲಮ್ಮು. ಅದರ ಕೆಳಗೆ ಹೈನುಗಾರಿಕೆ, ಕುರಿ, ಕೋಳಿ, ಜೇನು, ರೇಷ್ಮೆ ಎಂದು ಅಚ್ಚಾಗಿತ್ತು. ಯಾವುದಾದರೂ ಒಂದಕ್ಕೆ ಗುರುತು ಹಾಕಬೇಕು, 'ಇತರೆ' ಎಂಬುದು ಇರಲಿಲ್ಲ. ತರಬೇತಿಯ ಸಾಹೇಬರು ಸಣ್ಣ ದೇಹದ, ಸಮಾಧಾನದ ಮನುಷ್ಯ. ಅರ್ಜಿಯನ್ನು ಹಿಂದೆ ಮುಂದೆ ಮಾಡಿ ನೋಡಿ, "ಸದ್ಯಕ್ಕ ಖಾಲಿ ಬಿಡ್ರಿ ಮೇಡಂ. ಕಡೀಕ ಏನಾರ ತುಂಬೋಣಂತ," ಎಂದರು. "ಆದ್ರ ಒಂದ ಮಾತು. ವರ್ಷದ ಕಡೀಕ ನಾ ಮನೀಗೆ ಬಂದು ನೋಡ್ತೇನಿ. ತಂದದ್ದರಾಗ ಅರ್ಧಕ್ಕಿಂತ ಹೆಚ್ಚು ಜೀವಂತ ಇರಬೇಕು. ಅದು ಕೋಳಿಗೂ ಅಷ್ಟ, ಇದಕ್ಕೂ ಅಷ್ಟ."

ನನಗೆ ಒಬ್ಬರು ಮೊದಲ ಸಲ 'ಮೇಡಂ' ಎಂದಿದ್ದರು. ಆ ದಿನ ಉಳಿದದ್ದೇನೂ ನನ್ನ ಕಿವಿಗೆ ಬೀಳಲಿಲ್ಲ.

ತರಬೇತಿಯ ಎರಡನೆಯ ವಾರ ಚಹಾದ ಹೊತ್ತಿಗೆ ಹೊರಗೆ ಬಂದರೆ, ಪಕ್ಕದ ಖೋಲಿಯಿಂದ ನನ್ನ ಸೋದರಮಾವ, ಅವ್ವನ ಅಣ್ಣ, ಕೈಯಲ್ಲಿ ಬಿಸ್ಕೀಟು ಹಿಡಿದುಕೊಂಡು ಬಂದ. ಅವನದು ಪಟ್ಟದಕಲ್ಲಿನ ಹತ್ತಿರ ಮಲಪ್ರಭೆಯ ದಂಡೆಗೆ ಬಾಳೆಯ ತೋಟ.

"ಮಾಮಾ, ನೀ ಇಲ್ಲ್ಯಾಕ?"

"ತ್ವಾಟದಾಗ ಬಸವನಹುಳ ಬಿದ್ದಾವವಾ. ಅವನ್ನ ಕೊಲ್ಲೂದು ಹೆಂಗ ಅಂತ ಮೂರ ದಿನದ ಕ್ಲಾಸ್ ಹಚ್ಚ್ಯಾರ. ನೀ?"

"ಸಾಕೂದು ಹೆಂಗ ಅಂತ ಬಂದೇನಿ."

ಮಾವ ಬಿಸ್ಕೀಟನ್ನು ಚಹಾದಲ್ಲಿ ಅದ್ದಿದ. ಅದು ಮುರಿದು ಒಳಗೆ ಬಿತ್ತು. ಅದನ್ನು ಬೆರಳಿನಿಂದ ತೆಗೆಯುತ್ತ, "ನಡು ಒಂದ ಗ್ವಾಡಿ ಐತಿ ನೋಡು," ಎಂದ. "ಈ ಕಡೆ ಕೊಲ್ಲಾವರು, ಆ ಕಡೆ ಸಾಕಾವರು. ಚಹಾ ಒಂದ. ಈ ವಾರ ಬಾ, ಎಷ್ಟ ಬೇಕಾದ್ರೂ ಆರಿಸ್ಕೊಂಡ ಹೋಗು. ನಾ ಕ್ಲಾಸಿಗೆ ಹೋಗೂದು ತಪ್ಪತೈತಿ."

ಹೋದೆ. ಹಿಂದಿನ ದಿನ ಮಳೆಯಾಗಿತ್ತು. ಬಾಳೆಯ ಬುಡಗಳಲ್ಲಿ ಮುಷ್ಟಿ ಗಾತ್ರದವು, ನಿಂಬೆ ಗಾತ್ರದವು. ಮಾವನೂ ಅತ್ತೆಯೂ ಎರಡು ಗೋಣಿಚೀಲ ತುಂಬಿಸಿ, ಮಗಳನ್ನು ಗಂಡನ ಮನೆಗೆ ಕಳಿಸುವವರ ಹಾಗೆ ಬಸ್ಸಿನ ತನಕ ಬಂದು ಹತ್ತಿಸಿದರು. ಬದಾಮಿಯಿಂದ ಬಂದ ಬಸ್ಸು, ಹುನಗುಂದಕ್ಕೆ ಹೋಗುವಂಥದು. ಅಲ್ಲಿ ಇಳಿದು ಇಳಕಲ್ಲಿನ ಬಸ್ಸು ಹಿಡಿಯಬೇಕು.

"ಚೀಲದಾಗ ಏನೈತ್ರಿ?" ಕಂಡಕ್ಟರು ಕೇಳಿದರು.

"ಬಸವನಹುಳ ರಿ."

"ಜೀವಂತ ಅದಾವೇನು?"

"ಹೂಂ ರಿ."

"ಜೀವ ಇದ್ದದ್ದಕ್ಕ ಟಿಕೀಟ ಐತ್ರಿ. ಕೋಳೀಗೆ ಐತಿ, ಕುರಿಮರೀಗೆ ಐತಿ. ಇದಕ್ಕ ಏನ ಹರೀಲಿ?"

ಹಿಂದಿನ ಸೀಟಿನ ಮುದುಕ, "ಕಾಲ ಎಷ್ಟ ಅದಾವ ಕೇಳ್ರಿ. ಕಾಲಿನ ಮ್ಯಾಲ ಹರೀರಿ," ಎಂದು ದಾರಿ ತೋರಿಸಿದ.

ಓದಿದವಳು ಸುಳ್ಳು ಹೇಳಬಾರದು. "ಒಂದಕ್ಕ ಒಂದ ಕಾಲು ರಿ. ಹೊಟ್ಟೀನ ಅದರ ಕಾಲು," ಎಂದೆ.

ಕಂಡಕ್ಟರು ಎರಡೂ ಚೀಲ ಸೇರಿಸಿ ಒಂದು ಲಗೇಜು ಟಿಕೆಟು ಹರಿದು ಕೊಟ್ಟು ಮುಂದೆ ಹೋದರು. ಅಮೀನಗಡ ದಾಟುವಷ್ಟರಲ್ಲಿ ಒಂದು ಚೀಲದ ಬಾಯಿ ಸಡಿಲಾಗಿತ್ತು. ನನ್ನ ಪಕ್ಕ ಗುಳೇದಗುಡ್ಡದ ಹೆಂಗಸೊಬ್ಬಳು ಕುಪ್ಪಸದ ಖಣಗಳ ಗಂಟು ತೊಡೆಯ ಮೇಲೆ ಇಟ್ಟುಕೊಂಡು ತೂಕಡಿಸುತ್ತಿದ್ದಳು. ಎಚ್ಚರಾಗಿ ನೋಡಿದರೆ ಗಂಟಿನ ಮೇಲೆ ಮೂರು ಬಸವನಹುಳು, ಹಿಂದೆ ಮೂರು ಬೆಳ್ಳಿಯ ಗೆರೆ. ಅವಳು ಕೂಗಲಿಲ್ಲ. ಗೆರೆಯನ್ನು ಬಿಸಿಲಿಗೆ ಹಿಡಿದು ನೋಡಿ, "ಈ ಚಮಕ ನಮ್ಮ ರೇಶ್ಮಿಗೆ ಬರವಲ್ದು ನೋಡು," ಎಂದು ಒಂದೊಂದಾಗಿ ಎತ್ತಿ ನನ್ನ ಕೈಗೆ ಕೊಟ್ಟಳು. ಹುನಗುಂದದಲ್ಲಿ ಇಳಿಯುವಾಗ ನಮ್ಮ ಮುಂದಿನ ಸೀಟಿನವರ ಬೆನ್ನ ಮೇಲೆ ಇನ್ನೊಂದು ಹೋಗುತ್ತಿತ್ತು. ಅದನ್ನು ಹೇಳುವಷ್ಟು ಧೈರ್ಯ ನನಗಾಗಲಿಲ್ಲ. ಅದು ಎಲ್ಲಿಗೆ ಟಿಕೆಟು ತೆಗೆಸಿತ್ತೋ ಗೊತ್ತಿಲ್ಲ.

ಕುಣಿ ಅವುಗಳಿಗೆ ಅಳತೆ ತೆಗೆದು ಮಾಡಿಸಿದಂತಿತ್ತು. ಕೆಳಗೆ ಹಸಿಮಣ್ಣು ಹಾಸಿ, ಮೇಲೆ ಬಲೆ ಬಿಗಿದೆ. ಚಳಿಗಾಲವಿಡೀ ಮೇದವು, ಬೆಳೆದವು. ಮುಂಜಾನೆ ಕೈಗವಸು ಹಾಕಿಕೊಂಡು, ಒಂದೊಂದನ್ನೇ ತೊಳೆದು, ಮೆತ್ತನೆಯ ಕುಂಚದಿಂದ ಕೆಳಗೆ ಸವರಿದರೆ ಲೋಳೆ ಬಿಡುತ್ತಿದ್ದವು. ಆಯಿ ಅಂಚಿಗೆ ಕುಳಿತು ನೋಡುತ್ತಿದ್ದಳು. "ಸುಮ್ನ ಹಿಂಡಬ್ಯಾಡ. ಮಾತಾಡಿಸ್ಕೋತ ಹಿಂಡು. ಆಕಳಾ ಆದ್ರೂ ಮಾತಾಡಿಸದಿದ್ರ ಹಾಲ ಏರಸ್ಕೋತೈತಿ." ನಾನು ಮಾತಾಡಿಸುತ್ತಿರಲಿಲ್ಲ. ವಿಜ್ಞಾನ ಓದಿದವಳು. ಹಾಗಾಗಿ ಆಯಿಯೇ ಮಾತಾಡಿಸಿದಳು. ಮೊದಲ ಬಾಟಲಿ ಹುಬ್ಬಳ್ಳಿಗೆ ಹೋಯಿತು, 'ಛಲೋ ಐತಿ, ಮತ್ತ ಕಳಸ್ರಿ' ಎಂದು ಉತ್ತರ ಬಂತು. ಕಾಕಾ ಆ ಉತ್ತರವನ್ನು ನನ್ನ ಫೋನಿನಲ್ಲಿ ಎರಡು ಸಲ ಓದಿ, "ಒಂದ ಬಾಟ್ಲಿಗೆ ಧಂಧೆ ಅನ್ನೂದಿಲ್ಲ," ಎಂದ.

ಒಂದು ದಿನ ಆಯಿಯ ವಿಭೂತಿಗಟ್ಟಿ ಅರ್ಧಕ್ಕೆ ಬಂದಿತ್ತು. ಯಾರೋ ಕೆರೆದಂತೆ ಅಂಚು ಸವೆದಿತ್ತು. ಎರಡನೆಯ ದಿನ ಇನ್ನೂ ಸವೆದಿತ್ತು. ಆಯಿ ಕಾಕಾನನ್ನು ಸಂಶಯಪಟ್ಟಳು. "ನಾ ಯಾಕ ವಿಭೂತಿ ತಿನ್ನಲಿ ಬೇ," ಎಂದು ಐವತ್ತು ದಾಟಿದ ಮನುಷ್ಯ ಆಣೆ ಮಾಡಿದ. ಮೂರನೆಯ ಮುಂಜಾನೆ ಜಗಲಿಯ ಮೇಲೆ, ವಿಭೂತಿಗಟ್ಟಿಯನ್ನು ತಬ್ಬಿಕೊಂಡ ಒಂದು ದೊಡ್ಡ ಹುಳ ಸಿಕ್ಕಿತು. ಚಿಪ್ಪು ಕಟ್ಟಲು ಅವುಗಳಿಗೆ ಸುಣ್ಣದ ಅಂಶ ಬೇಕು, ಎಲ್ಲಿದ್ದರೂ ಹುಡುಕುತ್ತವೆ ಎಂದು ನಾನು ತಿಳಿಸಿ ಹೇಳಿದೆ. ಆಯಿ ನನ್ನ ಸುಣ್ಣ ಕಿವಿಗೆ ಹಾಕಿಕೊಳ್ಳಲಿಲ್ಲ.

"ಸೊಪ್ಪು ಉಣ್ತಾವ. ಮನಿ ಬೆನ್ನ ಮ್ಯಾಲ ಹೊತ್ತಾವ, ಮಂದಿ ಮನಿಗೆ ಆಸೆ ಮಾಡೂದಿಲ್ಲ. ಈಗ ವಿಭೂತಿ ತಗೊಂಡಾವ. ಇನ್ನ ಇವು ನಮ್ಮಾವು," ಎಂದಳು. ಅಂದಿನಿಂದ ಸತ್ತ ಹುಳವನ್ನು ತಿಪ್ಪೆಗೆ ಎಸೆಯುವುದು ನಿಂತಿತು. ಹಿತ್ತಲಲ್ಲಿ ಮಣ್ಣು ಮಾಡಬೇಕು. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಮಣ್ಣು ಮಾಡುತ್ತೇವೆ.

ಇಲ್ಲಿಯ ತನಕ ತಪ್ಪೆಲ್ಲ ಹುಳಗಳದ್ದು. ಮುಂದಿನದು ನನ್ನದು.

ಶಿವರಾತ್ರಿ ಕಳೆದು ಬಿಸಿಲು ಏರಿತು. ಸಾಹೇಬರು ಬಸವ ಜಯಂತಿಗೆ ಎರಡು ದಿನ ಇರುವಾಗ ಬರುತ್ತೇನೆ ಎಂದು ತಿಳಿಸಿದರು. ನನಗೆ ಕುಣಿಯನ್ನು ನೋಡಿ ನಾಚಿಕೆಯಾಗತೊಡಗಿತು. ಪದವೀಧರೆಯ ಉದ್ಯೋಗ ಒಂದು ಮಣ್ಣಿನ ತಗ್ಗಿನಲ್ಲಿ, ಮೇಲೊಬ್ಬ ಮುದುಕಿ ಕುಳಿತು ಹುಳದ ಜೊತೆ ಮಾತಾಡುತ್ತಿದ್ದಾಳೆ. ತರಬೇತಿಯಲ್ಲಿ ತೋರಿಸಿದ ಚಿತ್ರದಲ್ಲಿ ಬಿಳಿಯ ಕ್ರೇಟುಗಳು ಸಾಲಾಗಿ ಇದ್ದವು, ಒಂದೊಂದಕ್ಕೂ ಚೀಟಿ. ನಾನು ಮಾಳಿಗೆಯ ಮೇಲೆ ಹಸಿರು ಬಲೆಯ ನೆರಳು ಕಟ್ಟಿಸಿ, ಕ್ರೇಟು ಜೋಡಿಸಿ, ಚೀಟಿ ಅಂಟಿಸಿ, ಎಲ್ಲವನ್ನೂ ಮೇಲಕ್ಕೆ ಸಾಗಿಸಿದೆ.

"ಕುಣ್ಯಾಗ ತಂಪ ಇತ್ತಲ್ಲ ಮಗಳ," ಎಂದಳು ಅವ್ವ.

"ಅದು ವೈಜ್ಞಾನಿಕ ಅಲ್ಲವ್ವಾ."

ಅವ್ವ ಆ ಶಬ್ದಕ್ಕೆ ಮರ್ಯಾದೆ ಕೊಟ್ಟಳು. ಅದನ್ನು ಕಲಿಯಲು ಖರ್ಚು ಮಾಡಿದವಳು ಅವಳೇ.

ಇಳಕಲ್ಲಿನ ಮಾಳಿಗೆ, ಚೈತ್ರದ ಬಿಸಿಲು. ಸುತ್ತಲೂ ಕಲ್ಲೇ ಇರುವ ಊರು. ನಾನು ದಿನಕ್ಕೆ ಮೂರು ಸಲ ನೀರು ಚಿಮುಕಿಸಿದರೂ ನೀರು ಕ್ರೇಟಿಗೆ ತಾಗುವ ಮೊದಲೇ ಆರುತ್ತಿತ್ತು. ಒಂದು ವಾರದಲ್ಲಿ ಹುಳಗಳು ಮೇಯುವುದು ಬಿಟ್ಟವು. ಒಳಗೆ ಸರಿದುಕೊಂಡವು. ಚಿಪ್ಪಿನ ಬಾಯಿಗೆ ಬಿಳಿಯ ಒಣ ಪೊರೆ ಕಟ್ಟಿತು, ಹಪ್ಪಳದಂತೆ. ಬಡಿದರೆ ಟಕ್ ಎನ್ನುತ್ತಿತ್ತು. ಒಂದೂ ಅಲುಗಲಿಲ್ಲ. ಸಾಹೇಬರು ಬರಲು ಮೂರು ದಿನ ಉಳಿದಿತ್ತು.

ನಾನು ಕೆಳಗಿಳಿದು ಬಂದು ಎಲ್ಲವೂ ಸತ್ತವು ಎಂದು ಹೇಳಿದೆ.

ಅವ್ವ ಒಂದನ್ನು ಕೈಗೆ ತೆಗೆದುಕೊಂಡು ಮೂಗಿಗೆ ಹಿಡಿದಳು. "ಸತ್ತಾವ ಅಂತಿ. ವಾಸನಿ ಬಂದಿಲ್ಲಲ್ಲ?"

"ಒಣಗಿ ಸತ್ತಾವ. ಒಣಗಿದ್ದಕ್ಕ ವಾಸನಿ ಇರೂದಿಲ್ಲ," ಎಂದೆ, ಪದವೀಧರೆ.

ಮಧ್ಯಾಹ್ನ ಒಂದು ಟ್ರ್ಯಾಕ್ಟರು ಬಂದು ಬಾಗಿಲ ಮುಂದೆ ಜಲ್ಲಿಕಲ್ಲಿನ ಖಡಿ ಸುರುವಿ ಹೋಯಿತು. "ನಾಳಿ ತುಂಬತೇನಿ," ಎಂದ ಕಾಕಾ. ಅವ್ವ ಎದ್ದು ಹೋಗಿ ಕುಣಿಯ ಅಂಚು ಗುಡಿಸಿದಳು. ಅದು ಆಗಲೇ ಗುಡಿಸಿದ್ದಾಗಿತ್ತು.

ಆಗ ಆಯಿ ಬಾಯಿ ತೆರೆದಳು. "ತುಂಬು, ಯಾರ ಬ್ಯಾಡಂದಾರ. ಆದ್ರ ವಿಭೂತಿ ತಗೊಂಡ ಜೀವ ಅವು. ಮೊದಲ ಅವನ್ನ ಆ ಕುಣ್ಯಾಗ ಮಣ್ಣ ಮಾಡ್ರಿ."

"ಹುಳಕ್ಕ ಮಣ್ಣ ಮಾಡೂದು ಯಾವ ಪದ್ಧತಿ ಬೇ," ಎಂದ ಕಾಕಾ.

"ನಿನ್ನ ಖಡಿ ಹಾಕೂದು ಯಾವ ಪದ್ಧತಿ? ಅಯ್ಯಾರನ್ನ ಕರಿ."

ಕ್ರಿಯಾಕರ್ಮ ಮಾಡಿಸುವ ಓಣಿಯ ಜಂಗಮ ಅಯ್ಯನವರು ವಯಸ್ಸಾದವರು, ಆಯಿಯ ಮಾತು ತೆಗೆದುಹಾಕುವವರಲ್ಲ. ಬಂದರು. ನಾನು ಕ್ರೇಟುಗಳನ್ನು ಇಳಿಸಿ, ಹುಳಗಳನ್ನು ಒಂದೊಂದಾಗಿ ಬಾಯಿ ಮೇಲೆ ಮಾಡಿ ಕುಣಿಯಲ್ಲಿ ಜೋಡಿಸಿದೆ. ಅಯ್ಯನವರು ಬಗ್ಗಿ ನೋಡಿ ಗಡ್ಡ ಸವರಿಕೊಂಡರು. "ಪದ್ಧತಿ ಪ್ರಕಾರ ಸತ್ತಾವರ ತಲಿ ಮ್ಯಾಲ ನಾ ಪಾದ ಇಡಬೇಕಾಗತೈತಿ ಯವ್ವಾ. ಇಟ್ರ ಇವು ಪುಡಿ ಆಗ್ತಾವಲ್ಲ?"

"ಹೆಬ್ಬಟ್ಟ ಮುಟ್ಟಿಸ್ರಿ, ಸಾಕು," ಎಂದಳು ಆಯಿ.

"ಎಲ್ಲಾದಕ್ಕೂ?"

"ಒಂದಕ್ಕ ಮುಟ್ಟಿಸ್ರಿ. ಉಳಿದಾವು ಅನುಸರಿಸ್ತಾವ."

ಅಯ್ಯನವರು ಕಾಕಾನ ಭುಜ ಹಿಡಿದು ಸಮತೋಲ ಮಾಡಿಕೊಂಡು, ಎಲ್ಲಕ್ಕಿಂತ ದೊಡ್ಡ ಹುಳಕ್ಕೆ ಕಾಲಿನ ಹೆಬ್ಬೆರಳು ಮೆಲ್ಲಗೆ ಮುಟ್ಟಿಸಿದರು. ಆಯಿ ವಿಭೂತಿ ಉದುರಿಸಿದಳು, ಬಿಲ್ವಪತ್ರೆ ಹಾಕಿದಳು, ಒಂದು ಕೊಡ ನೀರು ಚಿಮುಕಿಸಿದಳು. ಅವ್ವ ಉಪ್ಪಿನ ಡಬ್ಬಿ ತಂದಳು, ಮಣ್ಣು ಮಾಡುವಾಗ ಉಪ್ಪು ಹಾಕುವುದು ವಾಡಿಕೆ. ಅವಳ ಕೈಯನ್ನು ನಾನು ಗಪ್ಪನೆ ಹಿಡಿದೆ.

"ಉಪ್ಪ ಬ್ಯಾಡವ್ವಾ."

"ಯಾಕ?"

"ಬಸವನಹುಳಕ್ಕ ಉಪ್ಪ ಹಾಕಬಾರ್ದು. ಸಾಯ್ತಾವ."

ಎಲ್ಲರೂ ನನ್ನನ್ನು ನೋಡಿದರು. "ಸತ್ತಾವಲ್ಲವಾ," ಎಂದರು ಅಯ್ಯನವರು, ಸಮಾಧಾನ ಹೇಳುವ ದನಿಯಲ್ಲಿ. ಆದರೂ ನಾನು ಅವ್ವನ ಕೈ ಬಿಡಲಿಲ್ಲ. ಮೂರು ವರ್ಷದ್ದನ್ನು ನಾಲ್ಕೂವರೆ ವರ್ಷ ಓದಿದ್ದು ಆ ಕ್ಷಣದಲ್ಲಿ ನನ್ನ ಕೈಯಲ್ಲಿ ಮಾತ್ರ ಉಳಿದಿತ್ತು, ತಲೆಯಲ್ಲಿ ಇರಲಿಲ್ಲ. ಕೊನೆಗೆ ಉಪ್ಪಿಲ್ಲದೆ, ಮೇಲೆ ತೆಳುವಾಗಿ ಹಸಿಮಣ್ಣು ಉದುರಿಸಿ, ಅವ್ವ ಆಗತಾನೆ ಒಗೆದಿದ್ದ ತನ್ನ ಹಳೆಯ ಸೀರೆಯನ್ನು ಹಿಂಡದೆಯೇ ಹೊದಿಸಿದಳು. ಅದು ಅವಳೇ ಅಲ್ಲಿ ಕುಳಿತು ನೇಯ್ದದ್ದು.

ಮರುದಿನ ಕಾಕಾ ಸಲಿಕೆ ಹಿಡಿದುಕೊಂಡು ಬಂದರೆ ಆಯಿ ಬಾಗಿಲಿಗೆ ಅಡ್ಡ ಕುಳಿತಿದ್ದಳು. "ಮೂರನೇ ದಿನದ ಹಾಲು ತುಪ್ಪ ಆಗೂ ತನಕ ಕುಣಿ ಮುಟ್ಟಬಾರ್ದು. ನಿಮ್ಮಪ್ಪನ ಕುಣಿ ಮುಟ್ಟಿದ್ದೇನು?"

ಕಾಕಾ ಸಲಿಕೆ ಗೋಡೆಗೆ ಒರಗಿಸಿ, ನಾಯಿಯನ್ನು ಇಳಿಸಿ, ಸ್ಕೂಟರ್ ಹತ್ತಿ ಕೆಲಸಕ್ಕೆ ಹೋದ.

ಮೂರನೆಯ ದಿನ ಎಂದರೆ ಸಾಹೇಬರು ಬರುವ ದಿನ. ಬರಬೇಡಿ ಎಂದು ಫೋನು ಮಾಡಲು ಎರಡು ಸಲ ಕೈಗೆ ತೆಗೆದುಕೊಂಡೆ. "ಬರ್ಲಿ ಬಿಡು. ಬರಾವರಿಗೆ ಬರಬ್ಯಾಡ ಅನ್ನಬಾರ್ದು. ಚಹಾ ಕುಡದು ಹೋಗ್ತಾರ," ಎಂದಳು ಅವ್ವ. ಮುಂಜಾನೆ ಆಯಿ ಬಟ್ಟಲಲ್ಲಿ ಹಾಲು, ತುಪ್ಪ ಹಿಡಿದು ಮುಂದೆ, ನಾನೂ ಅವ್ವನೂ ಹಿಂದೆ, ಸಲಿಕೆ ಹಿಡಿದ ಕಾಕಾ ಎಲ್ಲರ ಹಿಂದೆ. ಖೋಲಿಯ ಬಾಗಿಲು ತೆರೆದೆವು.

ಗೋಡೆಯ ಮೇಲೆ ಬಸವನಹುಳು. ಕಿಟಕಿಯ ಸರಳಿಗೆ ಬಸವನಹುಳು. ಮಗ್ಗದ ಗೂಟ ಹುಗಿದಿದ್ದ ಜಾಗದಲ್ಲಿ ಎರಡು ಒಂದರ ಮೇಲೊಂದು. ಬಿಲ್ವಪತ್ರೆ ತಿಂದು ಕಡ್ಡಿ ಉಳಿಸಿದ್ದವು. ವಿಭೂತಿ ಚೂರೂ ಇರಲಿಲ್ಲ. ಅವ್ವನ ಸೀರೆಯ ಮೇಲೆ, ಅಂಚಿನಿಂದ ಸೆರಗಿನ ತನಕ, ಮಿರಿಮಿರಿ ಗೆರೆಗಳು. ದೊಡ್ಡದು, ಅಯ್ಯನವರು ಹೆಬ್ಬೆರಳು ಮುಟ್ಟಿಸಿದ್ದು, ಕುಣಿಯ ಅಂಚಿಗೆ ಅವ್ವ ಕೂರುವ ಜಾಗಕ್ಕೆ ಬಂದು ಕೊಂಬು ಚಾಚಿ ನಮ್ಮನ್ನು ನೋಡುತ್ತಿತ್ತು.

ನನಗೆ ಆಗ ನೆನಪಾಯಿತು. ಎರಡನೆಯ ವರ್ಷದ ಪರೀಕ್ಷೆ, ಐದು ಅಂಕದ ಪ್ರಶ್ನೆ: ಗ್ರೀಷ್ಮನಿದ್ರೆ ಎಂದರೇನು. ಬೇಸಿಗೆಯಲ್ಲಿ ಕೆಲವು ಪ್ರಾಣಿಗಳು ಬಾಯಿಗೆ ಪೊರೆ ಕಟ್ಟಿಕೊಂಡು ತಿಂಗಳುಗಟ್ಟಲೆ ಮಲಗುತ್ತವೆ, ಹಸಿ ತಾಗಿದರೆ ಏಳುತ್ತವೆ ಎಂದು ಬರೆದಿದ್ದೆ. ಉದಾಹರಣೆ: ಬಸವನಹುಳು. ಐದಕ್ಕೆ ಐದು ಬಂದಿತ್ತು.

"ಎದ್ದಾವ," ಎಂದಳು ಆಯಿ, ಮೊಮ್ಮಕ್ಕಳು ಎದ್ದವು ಎಂಬಷ್ಟೇ ಸಹಜವಾಗಿ.

"ಅಂದ್ರ ಸತ್ತಿದ್ದಿಲ್ಲ ಅನ್ನು," ಎಂದ ಕಾಕಾ.

"ಸತ್ತಿದ್ವು. ಮಣ್ಣ ಮಾಡಿದ್ವಲ್ಲ."

ಹೊರಗೆ ಗಾಡಿ ನಿಂತ ಸದ್ದಾಯಿತು. ಸಾಹೇಬರು ಖಡಿಯ ಗುಡ್ಡೆ ಏರಿ ಇಳಿದು ಒಳಗೆ ಬಂದರು. ಅಂಟಿಸಿದ ಚೀಟಿ, ಬಿಳಿಯ ಕ್ರೇಟು ಯಾವುದನ್ನೂ ಅವರು ಕೇಳಲಿಲ್ಲ. ಕುಣಿಯಲ್ಲಿ ಬಗ್ಗಿ ಕೈ ಇಟ್ಟು, "ಅಗದೀ ತಂಪ ಐತಲ್ರಿ. ಯಾರ ಐಡಿಯಾ ಇದು?" ಎಂದರು. ನಾನು ಅವ್ವನ ಕಡೆ ನೋಡಿದೆ. ಅವ್ವ ಗೋಡೆಯ ಕಡೆ ನೋಡಿದಳು. ಸಾಹೇಬರು ಎಣಿಸಲು ಶುರು ಮಾಡಿದರು. ಎಣಿಸಿದವು ಸರಿದು ಎಣಿಸದವುಗಳ ಜೊತೆ ಸೇರುತ್ತಿದ್ದವು, ಮತ್ತೆ ಮೊದಲಿನಿಂದ ಎಣಿಸಿದರು. ಕಾಕಾ, ಯಾಕೋ ಏನೋ, ಸಲಿಕೆ ಕೆಳಗಿಟ್ಟು ಎಣಿಸಿದವನ್ನು ಒಂದು ಕಡೆ ಹಿಡಿದು ಕೊಡತೊಡಗಿದ. ಅರ್ಧ ದಾಟಿತು. ಮುಕ್ಕಾಲೂ ದಾಟಿತು. ಸಾಹೇಬರು ಸಾಕೆಂದು ಫಾರ್ಮು ತೆಗೆದರು. 'ಉದ್ಯೋಗದ ಬಗೆ'ಯ ಆ ಕಾಲಮ್ಮು ಇನ್ನೂ ಖಾಲಿ ಇತ್ತು.

"ಇದೊಂದ ತುಂಬದ ಮ್ಯಾಲಿನವರು ತಗೊಳ್ಳೂದಿಲ್ಲ. ಕೋಳಿ ಬರೀಲೇನ್ರಿ ಮೇಡಂ? ಮೊಟ್ಟಿ ಇಡ್ತಾವಲ್ಲ."

"ಕೋಳಿ ನಮ್ಮ ಮನ್ಯಾಗ ಇಲ್ಲ," ಎಂದಳು ಆಯಿ ಗಟ್ಟಿಯಾಗಿ.

ಸಾಹೇಬರ ಕಣ್ಣು ಆಯಿಯ ಕೈಯಲ್ಲಿದ್ದ ಹಾಲಿನ ಬಟ್ಟಲಿನ ಮೇಲೆ ಹೋಯಿತು. "ಮತ್ತ ದಿನಾ ಏನ ಮಾಡ್ತೀರಿ ಇವನ್ನ?"

"ಮುಂಜಾನೆದ್ದು ಹಿಂಡ್ತಾಳ್ರಿ. ಬಾಟ್ಲಿ ತುಂಬಿ ಹುಬ್ಬಳ್ಳಿಗೆ ಕಳಸ್ತಾಳ. ನಾ ಮಾತಾಡಸ್ತೇನಿ."

ಸಾಹೇಬರೂ ಹೊತ್ತು ಮುಳುಗುವುದರೊಳಗೆ ಬಾಗಲಕೋಟೆಗೆ ಮರಳಬೇಕಿತ್ತು. ಹೈನುಗಾರಿಕೆಯ ಮುಂದೆ ಗುರುತು ಹಾಕಿದರು. ಹಾಲು ತುಪ್ಪವನ್ನು ಆಯಿ ವ್ಯರ್ಥ ಮಾಡಲಿಲ್ಲ, ಹಾಲು ಅವರ ಚಹಾಕ್ಕೆ ಹೋಯಿತು.

ಸರ್ಟಿಫಿಕೇಟು ಕೊಡುವ ದಿನ ಅವ್ವನನ್ನು ಬಾಗಲಕೋಟೆಗೆ ಕರೆದುಕೊಂಡು ಹೋದೆ. ಅವಳ ಮೊಣಕಾಲಿಗೆ ಬಸ್ಸಿನ ಮೆಟ್ಟಿಲು ಎತ್ತರವೆಂದು ಕಾಕಾನೂ ಬಂದ. ಬಾಗಿಲ ಮುಂದಿನ ಖಡಿ ಹಾಗೇ ಇತ್ತು. ಸಭಾಂಗಣದಲ್ಲಿ ಕುರಿಯವರು, ಕೋಳಿಯವರು, ಜೇನಿನವರು ಆದ ಮೇಲೆ ಹೈನುಗಾರಿಕೆಯವರನ್ನು ಕರೆದರು. ಎಮ್ಮೆ ಸಾಕುವ ಐದಾರು ಜನರ ಸಾಲಿನ ಕೊನೆಗೆ ನಾನು ನಿಂತೆ. ನನ್ನ ಮುಂದಿನವಳು ತಿರುಗಿ, "ನಿಮ್ಮಾವು ಎಷ್ಟ ಅದಾವ?" ಎಂದು ಕೇಳಿದಳು. ಮುನ್ನೂರು ಎಂದೆ. ಅವಳು ಸರಿದು ನನಗೆ ದಾರಿ ಕೊಟ್ಟಳು. ಸಾಹೇಬರು ಸರ್ಟಿಫಿಕೇಟನ್ನು ನನ್ನ ಕೈಗಿತ್ತು, "ಛಲೋ ಆತ್ರಿ ಮೇಡಂ," ಎಂದರು.

ಅವ್ವ ಸೆರಗಿಗೆ ಕೈ ಒರೆಸಿಕೊಂಡು ಅದನ್ನು ತೆಗೆದುಕೊಂಡಳು. ಓದಲು ಬರದ ಅವಳು ಅಂಚಿನ ಬಂಗಾರದ ಗೆರೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು, ಸೀರೆಯ ದಡಿ ನೋಡುವ ಹಾಗೆ.

"ಕುಣಿ ಬಗ್ಗೆ ಏನರ ಬರದಾರೇನು?"

"ಇಲ್ಲವ್ವಾ."

ಕಾಕಾ ಅವಳ ಕೈಯಿಂದ ತೆಗೆದುಕೊಂಡು, ಮೇಲಿನಿಂದ ಕೆಳಗಿನ ತನಕ ತುಟಿ ಅಲುಗಿಸಿ ಓದಿದ. ಒಂದು ಸಾಲಿನ ಮೇಲೆ ನಿಂತ. ಮತ್ತೊಮ್ಮೆ ಓದಿದ.

"ವೈನಿ, ನಾ ಹೇಳಿದ್ದ ಖರೆ ಆತ ನೋಡ್ರಿ," ಎಂದ. "ಬಸವನಹುಳದ ಧಂಧೆ ಆಗೂ ಮಾತಲ್ಲ ಅಂದಿದ್ನಿ. ಇದರಾಗ ಹೈನ ಅಂತ ಐತಿ." ಕಾಗದವನ್ನು ಮಡಿಕೆ ಬೀಳದಂತೆ ಎರಡೂ ಕೈಯಲ್ಲಿ ಹಿಡಿದು ಅವ್ವನಿಗೆ ಮರಳಿ ಕೊಟ್ಟ. "ಕುಣಿ ಇರ್ಲಿ. ಹಿಂಡೂ ಜಾನುವಾರಾ ಕೊಟಗಿ ಬಿಡಿಸಿ ಹೊರಗ ಹಾಕಿದ್ರ ಮಂದಿ ಏನಂದಾರು. ಗಾಡಿ ಹೊರಗ ನಿಂದರ್ತೈತಿ, ನಾಯಿನೂ ಮಲಗತೈತಿ."